ಐಸಿಯು ಬಾಗಿಲಲ್ಲಿ ಹಿರೇ ಜೀವ: ಒಳಗೋ, ಮನೆಗೋ?

ಆಂಡಿಪಟ್ಟಿ (ಥೇಣಿ ಜಿಲ್ಲೆ): ಆಂಡಿಪಟ್ಟಿ ಅಂದರೆ ತಮಿಳುನಾಡಿನಲ್ಲಿ ಮೊದಲು ನೆನಪಾಗುವುದು ಚುನಾವಣೆ. 1984ರ ಡಿಸೆಂಬರ್‌ನಲ್ಲಿ ಎಂ.ಜಿ. ರಾಮಚಂದ್ರನ್ ನ್ಯೂಯಾರ್ಕಿನ ಬ್ರೂಕ್ಲಿನ್ ಆಸ್ಪತ್ರೆಯಲ್ಲಿದ್ದುಕೊಂಡೇ ಇಲ್ಲಿಂದ ಗೆದ್ದರು. ಪ್ರಚಾರಕ್ಕೆ ಒಂದು ದಿನವೂ ಬರಲಿಲ್ಲ. ಮರುವರ್ಷ ಫೆಬ್ರವರಿಯಲ್ಲಿ ಮರಳಿ ಬಂದು 1987ರ ಡಿಸೆಂಬರ್‌ನಲ್ಲಿ ತೀರಿಕೊಳ್ಳುವವರೆಗೂ ಮುಖ್ಯಮಂತ್ರಿಯಾಗಿದ್ದರು. 2002 ಮತ್ತು 2006ರಲ್ಲಿ ಇದೇ ಕ್ಷೇತ್ರದಿಂದ ಗೆದ್ದ ಜೆ. ಜಯಲಲಿತಾ 2016ರ ಸೆಪ್ಟೆಂಬರ್ 22ರಂದು ಚೆನ್ನೈನ ಅಪೋಲೊ ಆಸ್ಪತ್ರೆ ಸೇರಿದರು. 75 ದಿನ ಚಿಕಿತ್ಸೆ ನಡೆಯಿತು. ಡಿಸೆಂಬರ್ 5ರಂದು ಅಲ್ಲೇ ಕೊನೆಯುಸಿರೆಳೆದರು.

ದೊಡ್ಡ ದವಾಖಾನೆಗೆ ಒಯ್ದರೆ ಮನುಷ್ಯ ಉಳಿಯುತ್ತಾನೆ ಎಂಬ ನಂಬಿಕೆಗೂ, ಒಯ್ದರೂ ಉಳಿಯಲಿಲ್ಲವಲ್ಲ ಎಂಬ ಸಂಕಟಕ್ಕೂ ಹೀಗೆ ಈ ಊರಿನ ನೆನಪಿನಲ್ಲಿ ಒಂದೊಂದು ಉದಾಹರಣೆ ಇದೆ. ಆದರೆ ಆಸ್ಪತ್ರೆ ಸೇರಿದಾಗ ಇಬ್ಬರಿಗೂ ಎಪ್ಪತ್ತು ಆಗಿರಲಿಲ್ಲ. ಈಗ ಸಾಮಾನ್ಯ ಮನೆಗಳ ಮುಂದೆ ನಿಂತಿರುವ ಪ್ರಶ್ನೆ ಬೇರೆ: ಎಂಬತ್ತೈದು, ತೊಂಬತ್ತು ದಾಟಿದ ಅಜ್ಜ-ಅಜ್ಜಿಗೆ ಏಕಾಏಕಿ ಉಸಿರು ಏರಿದರೆ ಐಸಿಯುಗೆ ಸೇರಿಸಬೇಕೋ, ಬೇಡವೋ?

ಆಂಡಿಪಟ್ಟಿ ಬಳಿಯ ಕೆ. ವಿಲಕ್ಕಿನಲ್ಲಿ ಸರಕಾರಿ ಥೇಣಿ ವೈದ್ಯಕೀಯ ಕಾಲೇಜು 2004ರಲ್ಲಿ ಶುರುವಾಯಿತು. ದೊಡ್ಡ ಚಿಕಿತ್ಸೆ ಹತ್ತಿರ ಬಂದದ್ದು ಒಳ್ಳೆಯದೇ. ಆದರೆ ವೆಂಟಿಲೇಟರ್ ದೂರದ ಮಾತಾಗಿದ್ದಾಗ ಯಾರೂ ಕೇಳದ ಪ್ರಶ್ನೆಯನ್ನು ಅದು ಹತ್ತಿರ ಬಂದ ಮೇಲೆ ಕೇಳಲೇಬೇಕಾಗಿದೆ. ಅದೂ ನಡುರಾತ್ರಿ, ಅವಸರದಲ್ಲಿ, ಮಗನನ್ನು!

ಈ ಜಿಲ್ಲೆ ಕನ್ನಡ ಓದುಗರಿಗೆ ತೀರಾ ಹೊರಗಿನದೇನೂ ಅಲ್ಲ. ಕಂಬಂ ಕಣಿವೆಯ ಕಪ್ಪಿಲಿಯರು, ದಿಂಡಿಗಲ್ ಕಡೆಯ ಅನುಪ್ಪರು, ನೇಯ್ಗೆಯ ದೇವಾಂಗರು ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಆಡುತ್ತ ಬಂದವರು. ಓದುಬರಹ ತಮಿಳಿನಲ್ಲಿ, ಮಾತು ಕನ್ನಡದಲ್ಲಿ. ಸೊಲ್ಲಾಪುರ, ಜತ್ತ, ಅಕ್ಕಲಕೋಟೆ, ಹೊಸೂರು, ಕಾಸರಗೋಡಿನ ಕನ್ನಡ ಮನೆಗಳದೂ ಸ್ವಲ್ಪ ಹೆಚ್ಚುಕಡಿಮೆ ಇದೇ ಪರಿಸ್ಥಿತಿ. ಹಾಗಾಗಿ ಆಂಡಿಪಟ್ಟಿಯ ಪ್ರಶ್ನೆ ಗಡಿಯಾಚೆಯ ಎಲ್ಲ ಕನ್ನಡ ಮನೆಗಳ ಪ್ರಶ್ನೆಯೂ ಹೌದು.

ಎರಡು ಅಂಚು

ಮದುರೈ, ವಿರುದುನಗರ, ಥೇಣಿ ಭಾಗದಲ್ಲಿ 'ತಲೈಕೂತ್ತಲ್' ಎಂಬ ಪದ ಕೇಳಿದರೆ ಜನ ದನಿ ತಗ್ಗಿಸುತ್ತಾರೆ. ಹಾಸಿಗೆ ಹಿಡಿದ ಮುದುಕರನ್ನು ಮನೆಯವರೇ ಸಾವಿನ ಕಡೆ ನೂಕುವ ಹಳೆಯ ರೂಢಿ ಅದು. 2010ರಲ್ಲಿ ವಿರುದುನಗರ ಜಿಲ್ಲೆಯ ಪ್ರಕರಣಗಳು ಪತ್ರಿಕೆಗಳಲ್ಲಿ ಬಂದಾಗ ದೇಶವೇ ಬೆಚ್ಚಿತು. ಇದೇ ವಿಷಯದ ಮೇಲೆ ಪ್ರಿಯಾ ಕೃಷ್ಣಸ್ವಾಮಿ ಮಾಡಿದ 'ಬಾರಂ' ಚಿತ್ರಕ್ಕೆ 2019ರಲ್ಲಿ ಘೋಷಣೆಯಾದ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ತಮಿಳು ಚಿತ್ರದ ಗೌರವ ಸಿಕ್ಕಿತು. ಬಾರಂ ಅಂದರೆ ಭಾರ. ಕಾನೂನಿನ ಕಣ್ಣಲ್ಲಿ ಅದು ಕೊಲೆ, ಬೇರೆ ಮಾತಿಲ್ಲ.

ಇದು ಒಂದು ಅಂಚು. ಇನ್ನೊಂದು ಅಂಚಿನಲ್ಲಿ ಮೂಗು, ಬಾಯಿ, ಕೈಗಳಿಗೆಲ್ಲ ನಳಿಗೆ ಹಾಕಿಸಿಕೊಂಡು, ಅವು ಕಿತ್ತುಹೋಗದಿರಲೆಂದು ಕೈ ಕಟ್ಟಿಸಿಕೊಂಡು, ಗಾಜಿನ ಬಾಗಿಲಾಚೆ ಒಂಟಿಯಾಗಿ ಮಲಗಿದ ತೊಂಬತ್ತರ ಜೀವ. ಮಕ್ಕಳು ಹೊರಗೆ ಬೆಂಚಿನ ಮೇಲೆ. ಇಲ್ಲಿ ಯಾರದೂ ಕೆಟ್ಟ ಉದ್ದೇಶ ಇಲ್ಲ. "ಡಾಕ್ಟರ್ ಸಾಹೇಬ್ರ, ಏನರ ಮಾಡ್ರಿ, ಅವ್ವನ್ನ ಉಳಿಸ್ರಿ" ಅನ್ನುವ ಮಗನದು ಪ್ರೀತಿಯೇ. ಜತೆಗೆ ಒಂದು ಅಂಜಿಕೆಯೂ ಇದೆ: ಸೇರಿಸದಿದ್ದರೆ 'ರೊಕ್ಕಕ್ಕ ಹಿಂದ ನೋಡಿದ, ಹೆತ್ತವ್ವನ್ನ ಕೈ ಬಿಟ್ಟ' ಅಂದಾರು.

ಒಂದು ಅಂಚಿನ ಭಯದಿಂದ ಇನ್ನೊಂದು ಅಂಚಿಗೆ ಓಡಬೇಕಾಗಿಲ್ಲ. ಐಸಿಯು ಬೇಡ ಎನ್ನುವುದು ಚಿಕಿತ್ಸೆ ಬೇಡ ಎಂದಂತಲ್ಲ. ನೋವಿಗೆ ಔಷಧ, ಉಸಿರಾಟದ ಸಂಕಟಕ್ಕೆ ಉಪಶಮನ, ಬಾಯಿ ಒಣಗದಂತೆ ಆರೈಕೆ, ಪಕ್ಕದಲ್ಲಿ ತನ್ನವರು... ಇದೂ ಚಿಕಿತ್ಸೆಯೇ. ತಲೈಕೂತ್ತಲ್‌ನಲ್ಲಿ ಮುದುಕರನ್ನು ಯಾರೂ ಕೇಳುವುದಿಲ್ಲ. ವಿಪರ್ಯಾಸವೆಂದರೆ ಐಸಿಯು ಬಾಗಿಲಲ್ಲೂ ಬಹಳ ಸಲ ಅವರನ್ನು ಯಾರೂ ಕೇಳಿರುವುದಿಲ್ಲ.

ತುಮಕೂರು, ಉಡುಪಿ, ಚೆನ್ನೈ

ನಾಡೇ ಕಣ್ಣಿಟ್ಟು ನೋಡಿದ ಮೂರು ಪ್ರಕರಣ ಇಲ್ಲಿ ನೆನಪಿಸಿಕೊಳ್ಳಬೇಕು.

ತುಮಕೂರು ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿಯವರಿಗೆ 111ನೆಯ ವಯಸ್ಸಿನಲ್ಲಿ, 2018ರ ಡಿಸೆಂಬರ್‌ನಲ್ಲಿ, ಚೆನ್ನೈನ ರೇಲಾ ಆಸ್ಪತ್ರೆಯಲ್ಲಿ ಪಿತ್ತನಾಳದ ಶಸ್ತ್ರಚಿಕಿತ್ಸೆ ಆಯಿತು. ಅವರು ಮಠಕ್ಕೆ ಮರಳಿದರು. ವಯಸ್ಸು ನೋಡಿ ಯಾರೂ ಬಾಗಿಲು ಹಾಕಲಿಲ್ಲ. ಆದರೆ ಮುಂದಿನ ತಿಂಗಳು ಶ್ವಾಸಕೋಶದ ತೊಂದರೆ ಉಲ್ಬಣಿಸಿದಾಗ, 2019ರ ಜನವರಿ 16ರಂದು, ಅವರನ್ನು ಆಸ್ಪತ್ರೆಯಿಂದ ಮಠಕ್ಕೇ ಕರೆತಂದು ಅಲ್ಲಿಯೇ ಆರೈಕೆ ಮುಂದುವರಿಸಲಾಯಿತು. ಜನವರಿ 21ರಂದು ಲಿಂಗೈಕ್ಯರಾದರು. ರೋಗಿ ಒಬ್ಬರೇ, ಎರಡು ತಿಂಗಳೊಳಗೆ ನಿರ್ಧಾರ ಎರಡು.

ಅದೇ ವರ್ಷದ ಡಿಸೆಂಬರ್ 20ರಂದು ಉಡುಪಿ ಪೇಜಾವರ ಮಠದ ವಿಶ್ವೇಶತೀರ್ಥ ಸ್ವಾಮೀಜಿ (88) ನ್ಯುಮೋನಿಯಾದಿಂದ ಮಣಿಪಾಲದ ಕೆಎಂಸಿ ಸೇರಿದರು. ಐಸಿಯುನಲ್ಲಿ ವೆಂಟಿಲೇಟರ್ ಇಟ್ಟು ಪ್ರಯತ್ನ ನಡೆಯಿತು. ಚೇತರಿಕೆ ಕಾಣದಾದಾಗ 29ರ ಬೆಳಿಗ್ಗೆ ಮಠಕ್ಕೆ ತಂದರು, ಅಲ್ಲೇ ದೇಹಬಿಟ್ಟರು. ಕೊನೆಗಾಲ ಮಠದಲ್ಲೇ ಆಗಬೇಕೆಂಬುದು ಅವರ ಅಪೇಕ್ಷೆ ಎಂದು ಆಗ ವರದಿಯಾಗಿತ್ತು.

ಚೆನ್ನೈನಲ್ಲಿ ಎಂ. ಕರುಣಾನಿಧಿ (94) ಅವರದು ತಿರುವುಮುರುವು. 2018ರ ಜುಲೈ ಕೊನೆಯಲ್ಲಿ ಮೊದಲು ಗೋಪಾಲಪುರದ ಮನೆಯಲ್ಲೇ ಚಿಕಿತ್ಸೆ ನಡೆಯಿತು. ರಕ್ತದೊತ್ತಡ ಕುಸಿದಾಗ 28ರ ನಸುಕಿನಲ್ಲಿ ಕಾವೇರಿ ಆಸ್ಪತ್ರೆಗೆ ಒಯ್ದರು. ಆಗಸ್ಟ್ 7ರಂದು ಅಲ್ಲೇ ನಿಧನರಾದರು.

ಇವರೆಲ್ಲ ದೊಡ್ಡವರು, ಮಠಕ್ಕೋ ಮನೆಗೋ ಆಸ್ಪತ್ರೆಯೇ ನಡೆದು ಬರುತ್ತದೆ, ಬಡವರಿಗೆ ಎಲ್ಲಿಂದ ಎಂಬ ಮಾತು ನಿಜ. ಆದರೂ ಎರಡು ಪಾಠ ಎಲ್ಲರಿಗೂ ಅನ್ವಯಿಸುತ್ತವೆ. ವಯಸ್ಸೊಂದೇ ಅಳತೆಗೋಲಲ್ಲ ಎಂಬುದು ಒಂದು. ನಿರ್ಧಾರ ಒಮ್ಮೆ ಮಾಡಿ ಮುಗಿಸುವಂಥದ್ದಲ್ಲ, ರೋಗಿಯ ಸ್ಥಿತಿ ನೋಡಿ ಮತ್ತೆ ಮತ್ತೆ ಮಾಡಬೇಕಾದದ್ದು ಎಂಬುದು ಇನ್ನೊಂದು.

ವಯಸ್ಸಲ್ಲ, ಕಸುವು

ವೈದ್ಯಶಾಸ್ತ್ರವೂ ಇತ್ತೀಚೆಗೆ ಇದನ್ನೇ ಹೇಳುತ್ತಿದೆ. ಕೆನಡಾದ ವೈದ್ಯ ಕೆನೆತ್ ರಾಕ್‌ವುಡ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಒಂದು ಅಳತೆಪಟ್ಟಿ ಇಂದು ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ಈಗ ಅದರಲ್ಲಿ 9 ಹಂತ. ಒಂದು ಅಂದರೆ ಗಟ್ಟಿಮುಟ್ಟು, ಒಂಬತ್ತು ಅಂದರೆ ಕೊನೆಗಾಲ. ನಡುವಿನ ಹಂತಗಳು ಕೇಳುವುದು ತೀರಾ ಸಾದಾ ಸಂಗತಿ: ಪೇಟೆಗೆ ಒಬ್ಬರೇ ಹೋಗುತ್ತಿದ್ದರೇ? ಸ್ನಾನಕ್ಕೆ ಯಾರಾದರೂ ಬೇಕಿತ್ತೇ? ಇದನ್ನು ನೋಡಬೇಕಾದದ್ದು ಆಸ್ಪತ್ರೆಗೆ ತಂದ ದಿನದ ಸ್ಥಿತಿಯಿಂದಲ್ಲ, ಕಾಯಿಲೆ ಬೀಳುವ ಮುಂಚಿನ, ಸುಮಾರು ಎರಡು ವಾರದ ಹಿಂದಿನ ಸ್ಥಿತಿಯಿಂದ. ಅದನ್ನು ಹೇಳಬಲ್ಲವರು ಯಂತ್ರಗಳಲ್ಲ, ಮನೆಯವರು.

ಕೋವಿಡ್ ಹೊತ್ತಿನಲ್ಲಿ ಜಗತ್ತು ಇದನ್ನು ಕಹಿಯಾಗಿ ಕಲಿಯಿತು. 2020ರ ಮಾರ್ಚ್‌ನಲ್ಲಿ ಇಟಲಿಯ ಅರಿವಳಿಕೆ ತಜ್ಞರ ಸಂಘ, ಹಾಸಿಗೆ ಸಾಲದಾದರೆ ಐಸಿಯು ಪ್ರವೇಶಕ್ಕೆ ವಯಸ್ಸಿನ ಮಿತಿ ಹಾಕಬೇಕಾದೀತು ಎಂದಾಗ ದೊಡ್ಡ ಗದ್ದಲವೆದ್ದಿತು. ಅದೇ ತಿಂಗಳು ಬ್ರಿಟನ್ ತನ್ನ ಕೋವಿಡ್ ಮಾರ್ಗಸೂಚಿಯಲ್ಲಿ ರಾಕ್‌ವುಡ್ ಪಟ್ಟಿ ಬಳಸಿತು. ಅಂಗವಿಕಲರ ಸಂಘಟನೆಗಳು ಪ್ರತಿಭಟಿಸಿದ ಮೇಲೆ, ಸ್ಥಿರವಾದ ಅಂಗವೈಕಲ್ಯ ಇರುವವರಿಗೂ ಕಿರಿಯರಿಗೂ ಇದನ್ನು ಅನ್ವಯಿಸಬಾರದೆಂದು ತಿದ್ದಿತು. ಒಳ್ಳೆಯ ಅಳತೆಗೋಲೂ ತಪ್ಪು ಕೈಯಲ್ಲಿ ಬಾಗಿಲು ಮುಚ್ಚುವ ಚಿಲಕವಾದೀತು.

ಇನ್ನು ಸೇರಿಸಿದರೆ ಎಷ್ಟು ಲಾಭ? ಫ್ರಾನ್ಸಿನ 24 ಆಸ್ಪತ್ರೆಗಳಲ್ಲಿ 75 ದಾಟಿದ, ಮುಂಚೆ ತಕ್ಕಮಟ್ಟಿಗೆ ಚೆನ್ನಾಗಿದ್ದ 3 ಸಾವಿರಕ್ಕೂ ಹೆಚ್ಚು ಗಂಭೀರ ರೋಗಿಗಳ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಕೆಲವು ಆಸ್ಪತ್ರೆಗಳಲ್ಲಿ ಇಂಥವರನ್ನು ಆದಷ್ಟು ಐಸಿಯುಗೆ ಸೇರಿಸಿ ಎಂದು ಸೂಚಿಸಲಾಗಿತ್ತು. ಉಳಿದೆಡೆ ಎಂದಿನ ಪದ್ಧತಿ. ಮೊದಲ ಗುಂಪಿನಲ್ಲಿ ನೂರಕ್ಕೆ 61 ಮಂದಿ ಐಸಿಯು ಸೇರಿದರು, ಎರಡನೆಯದರಲ್ಲಿ 34. ಆರು ತಿಂಗಳ ಬಳಿಕ ನೋಡಿದರೆ ತೀರಿಕೊಂಡವರು ಮೊದಲನೆಯದರಲ್ಲಿ ನೂರಕ್ಕೆ 45, ಎರಡನೆಯದರಲ್ಲಿ 39. ರೋಗಿಗಳ ಸ್ಥಿತಿಯಲ್ಲಿನ ವ್ಯತ್ಯಾಸ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಹೆಚ್ಚು ಮಂದಿಯನ್ನು ಸೇರಿಸಿದ್ದರಿಂದ ಸಾವು ಕಡಿಮೆಯಾಗಲಿಲ್ಲ.

ಹಾಗಂತ ಐಸಿಯು ವ್ಯರ್ಥ ಎಂದಲ್ಲ. ಅದೇ ವರ್ಷ ಪ್ರಕಟವಾದ ಯುರೋಪಿನ ಇನ್ನೊಂದು ಅಧ್ಯಯನದಲ್ಲಿ ಐಸಿಯು ಸೇರಿದ 80 ದಾಟಿದ ಸುಮಾರು 5 ಸಾವಿರ ಮಂದಿಯ ಪೈಕಿ ಮೂರರಲ್ಲಿ ಒಂದು ಪಾಲು ತಿಂಗಳೊಳಗೆ ತೀರಿಕೊಂಡರು. ಅಂದರೆ ಎರಡು ಪಾಲು ಜನ ತಿಂಗಳು ದಾಟಿದರು. ಮೊದಲೇ ಬಲಹೀನರಾಗಿದ್ದವರಲ್ಲಿ ಸಾವು ಹೆಚ್ಚು. ಹೊಲಕ್ಕೆ ಹೋಗಿಬರುತ್ತಿದ್ದ 86ರ ಅಜ್ಜನಿಗೆ ಮೂತ್ರದ ಸೋಂಕು ರಕ್ತಕ್ಕೇರಿದ್ದರೆ, ಸೋಡಿಯಂ ಇಳಿದು ಎಚ್ಚರ ತಪ್ಪಿದ್ದರೆ, ಹೃದಯ ಬಡಿತ ನಿಧಾನವಾಗಿ ಪೇಸ್‌ಮೇಕರ್ ಬೇಕಿದ್ದರೆ 'ವಯಸ್ಸಾಯ್ತು ಬಿಡ್ರಿ' ಎಂದು ಮನೆಗೆ ಕಳಿಸುವುದು ಅನ್ಯಾಯ. ಅದೇ, ವರ್ಷಗಳಿಂದ ಮರೆವಿನ ಕಾಯಿಲೆಯಲ್ಲಿ ಹಾಸಿಗೆ ಹಿಡಿದು, ತುತ್ತು ನುಂಗಲೂ ಆಗದ ಅಜ್ಜಿಗೆ ಗಂಟಲೊಳಗೆ ನಳಿಗೆ ಇಳಿಸಿ ಗಳಿಸುವುದೇನು?

ಕಾನೂನು ಏನನ್ನುತ್ತದೆ?

ಈ ಚರ್ಚೆಗೆ ಕನ್ನಡದ ನಂಟು ಹಳೆಯದು. ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ 42 ವರ್ಷ ಅರೆಪ್ರಜ್ಞೆಯಲ್ಲಿ ಮಲಗಿದ್ದ ನರ್ಸ್ ಅರುಣಾ ಶಾನಭಾಗ ಉತ್ತರ ಕನ್ನಡದ ಹಳದೀಪುರದವರು. ಅವರ ಪ್ರಕರಣದಲ್ಲೇ ಸುಪ್ರೀಂ ಕೋರ್ಟು 2011ರ ಮಾರ್ಚ್ 7ರಂದು ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವ ದಾರಿಯನ್ನು ಮೊದಲ ಬಾರಿಗೆ ತೆರೆಯಿತು, ಅವರಿಗೆ ಅದನ್ನು ಅನ್ವಯಿಸಲಿಲ್ಲ. ಅವರನ್ನು ನೋಡಿಕೊಳ್ಳುತ್ತಿದ್ದ ನರ್ಸುಗಳ ಮಾತಿಗೇ ಮನ್ನಣೆ ಸಿಕ್ಕಿತು. 2015ರಲ್ಲಿ ಅವರು ನಿಧನರಾದರು.

2018ರ ಮಾರ್ಚ್ 9ರಂದು ಸಂವಿಧಾನ ಪೀಠ, ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಎಂದಿತು. ತನಗೆ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ ಎಂದು ಆರೋಗ್ಯವಂತ ವ್ಯಕ್ತಿ ಮೊದಲೇ ಬರೆದಿಡಬಹುದು. ಆಗ ಇಟ್ಟ ಷರತ್ತು ಬಹಳ ಬಿಗಿಯಾಗಿದ್ದವು. ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರ ಜನವರಿ 24ರಂದು ಕೋರ್ಟೇ ಸಡಿಲಿಸಿತು. ಈಗ ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಎದುರು ಸಹಿ, ಇಷ್ಟಾದರೆ ಸಾಕು. ಮಾತಾಡಲು ಆಗದ ಹೊತ್ತಿನಲ್ಲಿ ತನ್ನ ಪರವಾಗಿ ಯಾರು ಹೇಳಬೇಕು ಎಂಬ ಹೆಸರುಗಳನ್ನೂ ಅದರಲ್ಲಿ ಬರೆಯಬಹುದು. ಬರೆದಿಟ್ಟ ಮಾತ್ರಕ್ಕೆ ಯಾರೂ ನಳಿಗೆ ಕಿತ್ತುಬಿಡುವಂತಿಲ್ಲ. ಆಸ್ಪತ್ರೆಯ ಮಂಡಳಿ, ಆಮೇಲೆ ಎರಡನೆಯ ಮಂಡಳಿ, ಎರಡೂ ಒಪ್ಪಬೇಕು. ತಲಾ 48 ಗಂಟೆಯೊಳಗೆ ಅಭಿಪ್ರಾಯ ಕೊಟ್ಟರೆ ಉತ್ತಮ ಎಂದಿದೆ ಕೋರ್ಟು.

ಕರ್ನಾಟಕ 2025ರ ಜನವರಿ 30ರಂದು ಇದರ ಜಾರಿಗೆ ಆದೇಶ ಹೊರಡಿಸಿತು. ಅದರ ಹಿಂದೆ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಅವರ ದೀರ್ಘ ಹೋರಾಟವನ್ನು ಎಲ್ಲರೂ ನೆನೆದರು. ಗೋವಾದಲ್ಲಿ 2024ರಲ್ಲಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಎಂ.ಎಸ್. ಸೋನಕ್ ಅವರೇ ತಮ್ಮ ಇಚ್ಛಾಪತ್ರ ನೋಂದಾಯಿಸಿ ದಾರಿ ತೋರಿದರು. ಮಹಾರಾಷ್ಟ್ರ ಇಂಥ ಪತ್ರ ಇಟ್ಟುಕೊಳ್ಳಲು ಸ್ಥಳೀಯ ಸಂಸ್ಥೆಗಳಲ್ಲಿ ಅಧಿಕಾರಿಗಳನ್ನು ನೇಮಿಸಿದೆ. ಸುಪ್ರೀಂ ಕೋರ್ಟಿನ ತೀರ್ಪು ಇಡೀ ದೇಶಕ್ಕೆ ಅನ್ವಯ. ಆಂಡಿಪಟ್ಟಿಯ ಅಜ್ಜನಿಗೂ, ಜತ್ತದ ಅಜ್ಜಿಗೂ ಹಕ್ಕು ಒಂದೇ.

ಇದರ ಜತೆಗೆ ಕೇಂದ್ರ ಆರೋಗ್ಯ ಸಚಿವಾಲಯ ಐಸಿಯು ಪ್ರವೇಶಕ್ಕೆಂದೇ 24 ತಜ್ಞರಿಂದ ಮಾರ್ಗಸೂಚಿ ಮಾಡಿಸಿದೆ. 2024ರ ಜನವರಿಯಲ್ಲಿ ಹೊರಬಂದ ಅದರ ಪ್ರಕಾರ ರೋಗಿ ಅಥವಾ ಹತ್ತಿರದ ಬಂಧುಗಳು ಬೇಡವೆಂದರೆ, ಐಸಿಯು ಬೇಡವೆಂಬ ಇಚ್ಛಾಪತ್ರ ಇದ್ದರೆ, ವಾಸಿಯಾಗದ ಕಾಯಿಲೆಯ ಕೊನೆ ಹಂತದಲ್ಲಿ ಚಿಕಿತ್ಸೆಯಿಂದ ಫಲವಿಲ್ಲವೆಂದು ವೈದ್ಯರಿಗೆ ಕಂಡರೆ ಐಸಿಯುಗೆ ಸೇರಿಸಬಾರದು. ಹಾಗಾಗಿ 'ಬೇಡ' ಅನ್ನುವ ಬಂಧುಗಳು ಕಾನೂನುಬಾಹಿರ ಕೆಲಸವನ್ನೇನೂ ಮಾಡುತ್ತಿಲ್ಲ. ಆದರೆ ಬಂಧುಗಳ ಮಾತಿಗೆ ಇಷ್ಟು ತೂಕ ಇರುವಲ್ಲಿ, ಅವರು ಹೇಳುತ್ತಿರುವುದು ಹಿರಿಯರ ಮನಸ್ಸನ್ನೋ ತಮ್ಮ ಅನುಕೂಲವನ್ನೋ ಎಂಬುದು ದೊಡ್ಡ ಪ್ರಶ್ನೆ.

ರೊಕ್ಕದ ಲೆಕ್ಕ

ಅನುಕೂಲ ಅಂದ ಮೇಲೆ ರೊಕ್ಕದ ಮಾತು ಬಂದೇ ಬರುತ್ತದೆ. 2011ರ ಜನಗಣತಿಯಲ್ಲೇ ತಮಿಳುನಾಡಿನಲ್ಲಿ ನೂರಕ್ಕೆ 10.4 ಮಂದಿ 60 ದಾಟಿದವರು. ಕೇರಳದಲ್ಲಿ 12.6, ಕರ್ನಾಟಕದಲ್ಲಿ 9.5, ದೇಶದಲ್ಲಿ 8.6. ಈ ಪ್ರಮಾಣ ಏರುತ್ತಲೇ ಇದೆ. ಕೇಂದ್ರ ಸರಕಾರ 2024ರ ಅಕ್ಟೋಬರ್ 29ರಂದು ಆಯುಷ್ಮಾನ್ ಭಾರತ್ ಯೋಜನೆಯನ್ನು ಆದಾಯದ ಮಿತಿ ಇಲ್ಲದೆ 70 ದಾಟಿದವರಿಗೆಲ್ಲ ವಿಸ್ತರಿಸಿತು. ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ.

ಒಳ್ಳೆಯದೇ. ಆದರೆ ಈ ಹಣ ಆಸ್ಪತ್ರೆಗೆ ದಾಖಲಾದವರಿಗೆ. ಮನೆಯಲ್ಲಿ ಹಾಸಿಗೆ ಹಿಡಿದವರ ಆರೈಕೆಗೆ, ಹಗಲು-ರಾತ್ರಿ ನೋಡಿಕೊಳ್ಳುವ ಸೊಸೆಯ ಕೂಲಿ ನಷ್ಟಕ್ಕೆ ಅಲ್ಲ. ಲೆಕ್ಕ ಗೊತ್ತಿರುವ ಯಾರಿಗಾದರೂ ಇದರ ಪರಿಣಾಮ ತಿಳಿಯುತ್ತದೆ: ಒಂದು ಬಾಗಿಲಿಗೆ ಹಣ ಇಟ್ಟು ಇನ್ನೊಂದಕ್ಕೆ ಇಡದಿದ್ದರೆ ಜನ ಹಣ ಇರುವ ಬಾಗಿಲಿಗೇ ಹೋಗುತ್ತಾರೆ.

ಆ ಇನ್ನೊಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಕೇರಳ 2008ರಲ್ಲೇ ಉಪಶಾಮಕ ಆರೈಕೆಯ ನೀತಿ ತಂದು ಪಂಚಾಯತಿಗಳ ಮೂಲಕ ನರ್ಸುಗಳನ್ನು ಮನೆಮನೆಗೆ ಕಳಿಸಿತು. ಕಾಸರಗೋಡಿನ ಕನ್ನಡಿಗರು ಇದನ್ನು ಬಲ್ಲರು. ತಮಿಳುನಾಡು 2021ರ ಆಗಸ್ಟ್ 5ರಂದು 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ ಶುರು ಮಾಡಿತು. ಚಾಲನೆ ಸಿಕ್ಕಿದ್ದು ಗಡಿ ಜಿಲ್ಲೆಯಾದ ಕೃಷ್ಣಗಿರಿಯ ಸಾಮನಪಳ್ಳಿಯಲ್ಲಿ. ಬಿಪಿ-ಸಕ್ಕರೆ ಮಾತ್ರೆಯ ಜತೆ ಹಾಸಿಗೆ ಹಿಡಿದವರ ಉಪಶಾಮಕ ಆರೈಕೆ, ಫಿಜಿಯೋಥೆರಪಿಯೂ ಅದರಲ್ಲಿವೆ. ಇಂಥ ಸೇವೆ ಗಟ್ಟಿಯಾದಲ್ಲಿ ಮಾತ್ರ 'ಮನೆಗೆ ಒಯ್ಯಿರಿ' ಎಂಬ ಮಾತಿಗೆ ಅರ್ಥ. ಇಲ್ಲದಿದ್ದರೆ ಅದು ಕೈ ತೊಳೆದುಕೊಳ್ಳುವ ಮಾತು.

ಸಹಿ ಯಾವ ಭಾಷೆಯಲ್ಲಿ?

ಗಡಿಯಾಚೆಯ ಕನ್ನಡ ಮನೆಗಳಿಗೆ ಮತ್ತೊಂದು ತೊಡಕಿದೆ, ಭಾಷೆಯದು. ಮಿರಜದಲ್ಲಿ ಐಸಿಯು ಅಂದರೆ 'ಅತಿದಕ್ಷತಾ ವಿಭಾಗ', ತಮಿಳಿನಲ್ಲಿ 'ತೀವಿರ ಸಿಕಿಚ್ಚೈ ಪಿರಿವು', ಕನ್ನಡದಲ್ಲಿ 'ತೀವ್ರ ನಿಗಾ ಘಟಕ'. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲೋ ಆ ರಾಜ್ಯದ ಭಾಷೆಯಲ್ಲೋ. ಮಗನಿಗೆ ಅದು ಬರುತ್ತದೆ, ಅವ್ವನಿಗೆ ಬರುವುದಿಲ್ಲ. ಡಾಕ್ಟರು ಮಗನ ಕೂಡ ಮಾತಾಡುತ್ತಾರೆ. ಅವ್ವನಿಗೆ ಎಚ್ಚರವಿದ್ದರೂ ಅವಳ ತಲೆಯ ಮೇಲಿಂದ ಮಾತು ಹಾದುಹೋಗುತ್ತದೆ. 'ಅವಳಿಗೆ ಹೇಳಬ್ಯಾಡ್ರಿ, ಅಂಜತಾಳ' ಎಂದು ಮಗನೇ ತಡೆಯುವುದೂ ಉಂಟು.

ಅದಕ್ಕೇ ಈ ಮಾತು ದವಾಖಾನೆಯಲ್ಲಿ ಶುರುವಾಗಬಾರದು, ಮನೆಯಲ್ಲಿ, ಮನೆಮಾತಿನಲ್ಲಿ ಶುರುವಾಗಬೇಕು. ಇಚ್ಛಾಪತ್ರ ಇಂಗ್ಲಿಷಿನಲ್ಲೇ ಇರಬೇಕೆಂದು ಕೋರ್ಟು ಹೇಳಿಲ್ಲ. ಕನ್ನಡದಲ್ಲಿ ಬರೆದು, ಜತೆಗೆ ಆ ಊರಿನ ಡಾಕ್ಟರಿಗೆ ತಿಳಿಯುವ ಭಾಷೆಯ ಪ್ರತಿ ಇಟ್ಟುಕೊಂಡರೆ ಅನುಕೂಲ. ಮಗ ಒಂದೂರು, ಮಗಳು ಒಂದೂರು ಇರುವ ಮನೆಗಳಲ್ಲಿ ಯಾರ ಮಾತು ನಡೆಯಬೇಕು ಎಂಬುದನ್ನೂ ಬರೆದಿಟ್ಟರೆ ಬೆಂಚಿನ ಮೇಲಿನ ಜಗಳ ತಪ್ಪುತ್ತದೆ.

ಆಸ್ಪತ್ರೆ ತಲುಪಿದ ಮೇಲೂ ಮನೆಯವರು ಮೂರು ಪ್ರಶ್ನೆ ಕೇಳಬಹುದು. ಈ ಕಾಯಿಲೆ ಇಳಿಯುವಂಥದ್ದೇ? ಇಳಿದರೆ ಇವರು ಮೊದಲಿನಂತೆ ಎದ್ದು ಓಡಾಡಬಲ್ಲರೇ? ಎರಡು-ಮೂರು ದಿನ ಐಸಿಯುನಲ್ಲಿ ನೋಡಿ, ಗುಣ ಕಾಣದಿದ್ದರೆ ಮತ್ತೆ ಕೂತು ಮಾತಾಡೋಣವೇ? ಮೂರನೆಯದು ಬಹಳ ಮುಖ್ಯ. 'ಒಳಗೆ' ಅಂದರೆ ಕಡೆತನಕ ಒಳಗೆ, 'ಬೇಡ' ಅಂದರೆ ಏನೂ ಬೇಡ ಎಂಬ ಗಂಟು ಅದರಿಂದ ಬಿಚ್ಚುತ್ತದೆ.

ಹೊಲ, ಮನೆ ಯಾರಿಗೆ ಎಂದು ಹಿರಿಯರು ಬದುಕಿರುವಾಗಲೇ ಕೇಳಿ ಮೃತ್ಯುಪತ್ರ ಬರೆಸಿಕೊಳ್ಳುವ ಮಕ್ಕಳಿಗೆ ನಾಚಿಕೆ ಇಲ್ಲ. "ಅವ್ವಾ, ಕೊನೆಗೆ ನಿನಗೆ ಏನು ಬೇಕು, ಎಲ್ಲಿ ಇರಬೇಕು ಅನ್ನಿಸ್ತದ?" ಎಂದು ಕೇಳಲು ಮಾತ್ರ ನಾಲಿಗೆ ಏಳುವುದಿಲ್ಲ. ಕೇಳಿದರೆ ಆಯುಷ್ಯ ಕಡಿಮೆಯಾಗುವುದಿಲ್ಲ. ಕೇಳದಿದ್ದರೆ ನಡುರಾತ್ರಿ ಅಪರಿಚಿತ ಡಾಕ್ಟರ ಮುಂದೆ, ಅರ್ಥವಾಗದ ಕಾಗದದ ಮೇಲೆ, ಅವಳ ಪರವಾಗಿ ಊಹಿಸಿ ಸಹಿ ಹಾಕಬೇಕಾಗುತ್ತದೆ.